ಶರಣಪ್ಪ ನಾಯಿ ಆದ್ರ ಮೊದಲು ಏನಾಗ್ತದ

ಹೋದ ಬ್ಯಾಸಿಗಿ ರಜಾಕ್ಕ ಅಕ್ಕನ ಮಗಳು ಮನಿಗೆ ಬಂದಿದ್ಲು, ಹೊರಗ ಕಾಲಿಡಲಾರದಂಥ ಬಿಸಲು, ಕರೆಂಟೂ ಹೋಗಿತ್ತು, ಮಾಮಾ ಒಂದು ಕಥಿ ಹೇಳು ಅಂತ ಗಂಟು ಬಿದ್ಲು. ಆಗ ಬಾಯಿಗೆ ಬಂದಿದ್ದು ಇದು: ಕಲಬುರಗಿ ಕಾಳಿನ ಪ್ಯಾಟಿ ಗಂಜ್‌ನ್ಯಾಗ ದಾಲ್ ಮಿಲ್ಲಿನ ಹಿಸಾಬು ಬರಿಯೋ ಶರಣಪ್ಪ ಅಂತ ಒಬ್ಬಾಂವ, ಆ ಮಿಲ್ಲಿನ ಮುಂದ ಮಲಗಿರೋ ಕಾಳ್ಯಾ ಅಂತ ಒಂದು ಬೀದಿ ನಾಯಿ, ಒಂದಿನ ಮುಂಜಾನಿ ಎದ್ದು ನೋಡಿದ್ರ ಇಬ್ಬರ ಮೈನೂ ಅದಲು ಬದಲಾಗ್ಯಾವ. ಆಕಿ ಬಿದ್ದು ಬಿದ್ದು ನಕ್ಲು. ನನಗೂ ಭಾಳ ಸೇರ್ತು, ಇದನ್ನ ಒಂದು ಸಣ್ಣ ನಗಿ ಕಾದಂಬರಿನ ಮಾಡಿಬಿಡೋಣ ಅಂತ ನೋಟ್‌ಬುಕ್ ತಗೊಂಡು ಕುಂತೆ, ಆದ್ರ ಆಕಿ ಕೇಳಿದ ಒಂದ ಪ್ರಶ್ನಿ ನನ್ನ ಮೊದಲನೇ ಪುಟದಾಗೇ ನಿಲ್ಲಿಸಿತು. "ಮಾಮಾ, ಶರಣಪ್ಪಗ ತಾನು ನಾಯಿ ಆಗೀನಿ ಅಂತ ಹೆಂಗ ಗೊತ್ತಾಗ್ತದ? ಕನ್ನಡಿ ನೋಡ್ತಾನೇನು?"

ನಮ್ಮ ಕಡಿ ಈ ಕಲ್ಪನಾ ಹೊಸಾದೇನಲ್ಲ. ಮೈಲಾರಲಿಂಗನ ಗೊರವರು ದೋಣಿ ಸೇವಾದಾಗ ಕೈ ಕಾಲು ಊರಿ ನಾಯಿ ಹಂಗ ಬೊಗಳಿಕೋತ ದೋಣಿ ಅನ್ನೋ ಪಾತ್ರಿಗೆ ಬಾಯಿ ಹಾಕಿ ತಿಂತಾರ, ಅಷ್ಟೊತ್ತು ಅವರು ಮೈಲಾರನ ನಾಯಿಗಳು. ಗಾಣಗಾಪುರಕ್ಕ ಹೋದ್ರ ದತ್ತಾತ್ರೇಯನ ಫೋಟೋದಾಗ ಪಾದದ ಹತ್ರ ನಾಲ್ಕು ನಾಯಿ ಇರ್ತಾವ, ನಾಲ್ಕು ವೇದ ಅಂತ ಹೇಳ್ತಾರ. ಶಂಕರಾಚಾರ್ಯರು ಅಮರುಕ ರಾಜನ ಮೈಯೊಳಗ ಹೊಕ್ಕ ಪರಕಾಯ ಪ್ರವೇಶದ ಕಥಿ ಎಲ್ಲರಿಗೂ ಗೊತ್ತದ. ಆದ್ರ ಇಂಥ ಕಥಿ ಎಲ್ಲಾದ್ರಾಗೂ ಮೈ ಅನ್ನೋದು ಅಂಗಿ ಇದ್ದಂಗ, ಕಳದು ಬ್ಯಾರೆ ತೊಟ್ಕೊಂಡ್ರೂ ಒಳಗಿನ ಮನಷ್ಯಾ ಅಂವನ ಇರ್ತಾನ. ನಾಯಿ ಬಗ್ಗೆ ಓದಿಕೋತ ಹೋದಂಗ ನನಗ ಅನಿಸಿದ್ದು ಏನಂದ್ರ ಅದು ಬಿಲ್‌ಕುಲ್ ಆಗೋದಲ್ಲ, ಮೈ ಬದಲಾದ ಮೊದಲನೇ ಕ್ಷಣದಾಗೇ ಶರಣಪ್ಪನ ಊರು, ಅವನ ನಿನ್ನೆ, ಅವನ ಗುರುತಿನ ಮಂದಿ ಎಲ್ಲಾ ಬದಲಾಗ್ತಾವ.

ಕನ್ನಡಿ ಮಾತಿಗೆ ಬರ್ತೀನಿ. ನಾಯಿಗೆ ಕನ್ನಡಿ ತೋರಿಸಿದ್ರ ಅದು ನಾನೇ ಅಂತ ತಿಳಕೊಂಡ ಗುರುತು ತೋರ್ಸಂಗಿಲ್ಲ, ಜರಾ ನೋಡಿ ಬಿಟ್ಟು ಹೋಗ್ತದ. ಹಂಗಂತ ಅದಕ್ಕ ತನ್ನ ಗುರುತೇ ಇಲ್ಲ ಅನ್ನೋದು ತಪ್ಪು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ 2017ರಾಗ ಕನ್ನಡಿ ಬದಲಿಗೆ ವಾಸನಿ ಇಟ್ಟು ನೋಡಿದ್ರು, ನಾಯಿಗಳ ಮುಂದ ಅವುಗಳದೇ ಉಚ್ಚಿ ವಾಸನಿ ಇಟ್ರು, ಅದಕ್ಕ ಬ್ಯಾರೆ ವಾಸನಿ ಬೆರೆಸಿ ಇನ್ನೊಂದು ಇಟ್ರು, ಬೆರೆಸಿದ್ದನ್ನ ನಾಯಿಗಳು ಹೆಚ್ಚು ಹೊತ್ತು ಮೂಸಿದ್ವು. ನಾವು ಹಣಿ ಮ್ಯಾಲ ಮಸಿ ಹತ್ತಿದ್ರ ಕನ್ನಡಿ ಮುಂದ ನಿಂತಂಗ. ಅಂದ್ರ ಶರಣಪ್ಪಗ ಕನ್ನಡಿ ಬೇಕಾಗಂಗಿಲ್ಲ, ಕಣ್ಣು ಬಿಡೋ ಮೊದಲೇ ಮೂಗು ಹೇಳಿಬಿಡ್ತದ.

ಆ ಮೂಗಿನ ಬಗ್ಗೆ ಎಷ್ಟು ಬರದ್ರೂ ಕಡಿಮಿನೇ. ನಮ್ಮ ಮೂಗಿನ್ಯಾಗ ವಾಸನಿ ಹಿಡಿಯೋ ಕೋಶ ಅಂದಾಜು 50-60 ಲಕ್ಷ, ನಾಯಿದು ತಳಿ ಮ್ಯಾಲ ಹೋಗ್ತದ, 20 ಕೋಟಿ, 30 ಕೋಟಿ ತನಕ. ಸಂಖ್ಯಾಕ್ಕಿಂತ ನನಗ ಬೆರಗಾಗಿದ್ದು ಗಾಳಿ ಹರಿಯೋ ದಾರಿ. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿ ಎಂಜಿನಿಯರುಗಳು ನಾಯಿ ಮೂಗನ್ನ ಕಂಪ್ಯೂಟರಿನ್ಯಾಗ ಕಟ್ಟಿ ನೋಡಿದ್ರ ಒಳಗ ಬಂದ ಗಾಳಿ ಅಲ್ಲೇ ಎರಡು ಪಾಲಾಗ್ತದ, ಹೆಚ್ಚಿನದು ಉಸಿರಾಟಕ್ಕ ಪುಪ್ಪುಸಕ್ಕ ಹೋಗ್ತದ, ನೂರರಾಗ ಸುಮಾರು 12 ಪಾಲು ಮಾತ್ರ ಹಿಂದಿನ ಒಂದು ಓಣಿಗೆ ತಿರುಗಿ ಅಲ್ಲೇ ಸಾವಕಾಶ ಸುತ್ತತದ, ವಾಸನಿ ಕೆಲಸ ನಡಿಯೋದು ಆ ಓಣಿಯಾಗ. ಮತ್ತ ಹೊರಗ ಬಿಡೋ ಉಸಿರು ಮೂಗಿನ ಮಗ್ಗಲಿನ ಸೀಳಿನಿಂದ ಹಿಂದಕ್ಕ ಹೋಗ್ತದ, ಹಂಗಾಗಿ ಮುಂದಿನಿಂದ ಬರೋ ವಾಸನಿ ಕೆಡಂಗಿಲ್ಲ. ಮೂಸೂವಾಗ ಸೆಕೆಂಡಿಗೆ ಸುಮಾರು 5 ಸಲ ಹಿಂಗ ನಡಿತದ. ಈಗ ಶರಣಪ್ಪನ್ನ ನೆನಸ್ಕೋರಿ, ಮಿಲ್ಲಿನ ಮುಂದಿನ ಶಹಾಬಾದಿ ಪರಸಿ ಮ್ಯಾಲ ಮಲಗ್ಯಾನ, ಇಷ್ಟು ದಿನ ಅವನಿಗೆ ಅದು ಬರೇ ಕಲ್ಲು, ಈಗ ಅದರ ಮ್ಯಾಲ ರಾತ್ರಿ ಯಾರ್ಯಾರು ನಡದು ಹೋದ್ರು, ಹಮಾಲರು ಎಲ್ಲಿ ಚೀಲ ಇಳಿಸಿದ್ರು, ಯಾವ ಬೆಕ್ಕು ಯಾವ ಕಡಿಯಿಂದ ಬಂತು ಎಲ್ಲಾ ಬರದದ.

ಬರದದ ಅಂದೆ, ಆ ಬರಹದಾಗ ಟೈಮೂ ಇರ್ತದ, ನನ್ನ ಪ್ರಕಾರ ಇದ ಎಲ್ಲಾದಕ್ಕಿಂತ ದೊಡ್ಡ ಮಾತು. 2005ರಾಗ ಬೆಲ್‌ಫಾಸ್ಟಿನ ಕ್ವೀನ್ಸ್ ಯೂನಿವರ್ಸಿಟಿಯವರು ಒಬ್ಬ ಮನಷ್ಯಾ ನಡದು ಹೋದ ಹಾದಿಗೆ ನಾಯಿಗಳನ್ನ ಅಡ್ಡಡ್ಡ ತಂದು ಬಿಟ್ರು, ಅಂವ ಯಾವ ದಿಕ್ಕಿಗೆ ಹೋಗ್ಯಾನ ಅಂತ ಹೇಳಲಿಕ್ಕ ಅವಕ್ಕ ಐದು ಹೆಜ್ಜಿ ಸಾಕಾದ್ವು. ಮೊದಲನೇ ಹೆಜ್ಜಿಗೂ ಐದನೇ ಹೆಜ್ಜಿಗೂ ನಡುವ ಎಷ್ಟು ಟೈಮು, ಒಂದೆರಡು ಸೆಕೆಂಡು, ಅಷ್ಟರಾಗ ವಾಸನಿ ಎಷ್ಟು ಹಳೇದಾದೀತು ಹೇಳ್ರಿ, ಆ ಫರಕು ನಾಯಿಗೆ ತಿಳಿತದ. ನಮಗ ನಿನ್ನೆ ಅನ್ನೋದು ನೆನಪಿನ್ಯಾಗ ಮಾತ್ರ ಇರ್ತದ, ನಾಯಿಗೆ ಅದು ನೆಲದ ಮ್ಯಾಲೇ ಬಿದ್ದಿರ್ತದ.

ಕಾದಂಬರಿಗೆ ತಿರುವು ಸಿಕ್ಕಿದ್ದೂ ಮೂಗಿನಿಂದಲೇ. ಅದ ಕ್ವೀನ್ಸ್ ಯೂನಿವರ್ಸಿಟಿಯಾಗ 2022ರಾಗ 36 ಮಂದಿಗೆ ಬಾಯಿಲೆಕ್ಕ ಕೊಟ್ಟು ಟೆನ್ಶನ್ ಮಾಡಿದ್ರು, ಲೆಕ್ಕದ ಮೊದಲು ಒಂದು ಸಲ, ಆದ ಮ್ಯಾಲ ಒಂದು ಸಲ ಅವರ ಬೆವರು ಮತ್ತ ಉಸಿರಿನ ಸ್ಯಾಂಪಲ್ ತಗೊಂಡ್ರು. ಟೆನ್ಶನ್‌ದು ಯಾವುದು ಅಂತ ಆರಿಸೋದ್ರಾಗ ತರಬೇತಿ ಆದ ನಾಯಿಗಳು 93.75 ಪರ್ಸೆಂಟ್ ಸರಿ ಹೇಳಿದ್ವು. ಇದು ಓದಿದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಶರಣಪ್ಪಗ ಹದಿನೈದು ವರ್ಷದಿಂದ ಬೈಕೋತ ಬಂದ ಮಿಲ್ ಸಾವಕಾರ, ಯಾರ ಕಡಿನೂ ನೆಟ್ಟಗ ಮಾತಾಡದಾಂವ, ಆವತ್ತು ಮುಂಜಾನಿ ಕಾರಿನಿಂದ ಇಳದು ನಾಯಿ ಮುಂದ ಹಾಯ್ದು ಹೋಗ್ತಾನ, ಅವನ ಮೈಯಿಂದ ಅಂಜಿಕಿ ವಾಸನಿ ಬರ್ತದ. ಹಿಸಾಬು ಬುಕ್ಕಿನ್ಯಾಗ ಇಷ್ಟು ವರ್ಷ ಕಾಣಲಾರದ್ದು ಒಂದು ಉಸಿರಿನ್ಯಾಗ ತಿಳಿತದ. ಇನ್ನ ಶರಣಪ್ಪ ಅವನನ್ನ ಮೊದಲಿನಂಗ ಬೈಕೊಳ್ಳಲಿಕ್ಕ ಆಗಂಗಿಲ್ಲ.

ಆದ್ರ ಕಲಬುರಗಿ ಮೇ ತಿಂಗಳು ಈ ಮೂಗನ್ನೂ ಬಿಡಂಗಿಲ್ಲ. ನಮಗ ಮೈ ತುಂಬ 20 ಲಕ್ಷಕ್ಕಿಂತ ಹೆಚ್ಚು ಬೆವರಿನ ಗ್ರಂಥಿ ಅದಾವ, ನಾಯಿಗೆ ಅಂಗಾಲಿನ್ಯಾಗ ಜರಾ ಅಷ್ಟ. ಅದರ ಮೈ ಬಿಸಿ ಮೊದಲೇ 38ರಿಂದ 39 ಡಿಗ್ರಿ, ಹೊರಗ 42, ಹಂಗಾಗಿ ನಾಲಿಗಿ ಚಾಚಿ ತೇಕತದ, ನಿಮಿಷಕ್ಕ 300 ಸಲದ ಆಸುಪಾಸು, ತೇವ ಆರಿ ಒಳಗಿನ ಬಿಸಿ ಇಳಿತದ. ತೇಕೋದು ಮೂಸೋದು ಎರಡೂ ಕೂಡೇ ಆಗಂಗಿಲ್ಲ. ಮಧ್ಯಾಹ್ನ ಎರಡು ಗಂಟೆಕ್ಕ ಶರಣಪ್ಪಗ ಅರ್ಧ ಜಗತ್ತೇ ಮುಚ್ಚಿದಂಗ ಆಗ್ತದ. ಗಟಾರದ ತೇವಿನ್ಯಾಗ ನಾಯಿ ಹೋಗಿ ಮಲಗೋದು ನೋಡಿ ಹೊಲಸು ಅಂತ ಓಡಸ್ತೀವಿ, ಅದರ ಮಟ್ಟಿಗೆ ಅದು ಜೀವ ಉಳಸ್ಕೊಳ್ಳೋ ಜಾಗಾ. ಬ್ಯಾಸಿಗ್ಯಾಗ ಮನಿ ಮುಂದ ಒಂದು ಡಬ್ಬಿ ನೀರು ಇಡ್ರಿ, ದಯವಿಟ್ಟು.

ಕಿವಿ ಕಣ್ಣು ಬಗ್ಗೆ ಜಲ್ದಿ ಹೇಳಿ ಮುಗಸ್ತೀನಿ. ನಮ್ಮ ಕಿವಿ 20,000 ಹರ್ಟ್ಜ್, ಅಂದ್ರ ಸೆಕೆಂಡಿಗೆ 20,000 ಕಂಪನದ ತನಕ ಕೇಳತದ, ನಾಯಿದು 45,000ದ ತನಕ. ಇಲಿಗಳು ಅಂಜಿದಾಗ 22,000 ಹರ್ಟ್ಜ್ ಸುಮಾರಿನ್ಯಾಗ ಕೂಗ್ತಾವ, ನಮಗ ಕೇಳಂಗಿಲ್ಲ, ಬ್ಯಾಳಿ ಚೀಲ ಪೇರಿಸಿದ ಗೋಡಾವನ್ನಿನ್ಯಾಗ ಶರಣಪ್ಪಗ ಅದು ಸಂತಿ ಗದ್ದಲ ಕೇಳಿದಂಗ ಕೇಳತದ. ಕಣ್ಣಿನ್ಯಾಗ ಬಣ್ಣದ ಕೋಶ ಎರಡ ಥರ ಅಂತ 1989ರಾಗ ಜೇ ನೈಟ್ಜ್ ಮತ್ತ ಸಂಗಡಿಗರು ತೋರಿಸಿದ್ರು, ಹಳದಿ ಮತ್ತ ನೀಲಿ ಚೊಲೊ ಕಾಣ್ತಾವ, ಕೆಂಪು ಹಸಿರು ಬ್ಯಾರೆ ಮಾಡಲಿಕ್ಕ ಬರಂಗಿಲ್ಲ. ಕುಂಕುಮ ಹೋಯ್ತು, ಕೆಂಪ ಮೆಣಸಿನಕಾಯಿ ಹೋಯ್ತು. ಆದ್ರ ತೊಗರಿ ಹೂವು ಹಳದಿ, ತೊಗರಿ ಬ್ಯಾಳಿನೂ ಹಳದಿ. ಕಾರ್ತೀಕದ ಹೊತ್ತಿಗೆ ಹೂ ಬಿಟ್ಟ ತೊಗರಿ ಹೊಲ, ಮ್ಯಾಲ ನೀಲಿ ಆಕಾಶ, ನಮ್ಮ ಜಿಲ್ಲಾದ ಆ ಚಿತ್ರ ನಾಯಿ ಕಣ್ಣಿಗೂ ಉಳಿತದ ಅಂತ ತಿಳದಾಗ ಆದ ಖುಷಿ ಅಷ್ಟಿಷ್ಟಲ್ಲ.

ಊಟದ ಅಧ್ಯಾಯ ಬರಿಯೋ ಮುಂದ ಹೆಂಡತಿ ಡಬ್ಬಿ ಕಟ್ಟಿದ ಜೋಳದ ರೊಟ್ಟಿ ನಾಯಿ ಮೈಗೆ ಆದೀತೇನು ಅಂತ ಅನುಮಾನ ಬಂತು. ಆಗ್ತದ. ಸ್ವೀಡನ್ನಿನ ಉಪ್ಸಾಲದವರು 2013ರಾಗ ತೋಳ ಮತ್ತ ನಾಯಿ ಜೀನು ಹೋಲಿಸಿದಾಗ ಪಿಷ್ಟ ಕರಗಿಸೋ ಜೀನು ತೋಳದ ಹತ್ರ ಎರಡ ಪ್ರತಿ, ನಾಯಿ ಹತ್ರ 4ರಿಂದ 30 ಪ್ರತಿ ಸಿಕ್ಕಾವ. ಮನಷ್ಯಾ ಬ್ಯಾಸಾಯ ಮಾಡಿ ಕಾಳು ತಿನ್ನಲಿಕ್ಕ ಹತ್ತಿದ ಮ್ಯಾಲ ಅವನ ಬಾಗಲಕ್ಕ ಬಿದ್ದ ನಾಯಿ ಹೊಟ್ಟಿನೂ ಬದಲಾಗ್ಯದ. ಆದ್ರ ರೊಟ್ಟಿ ಜೋಡಿ ಕಚ್ಚೋ ಉಳ್ಳಾಗಡ್ಡಿ ಮಾತ್ರ ಬ್ಯಾಡ, ಅದು ನಾಯಿಯ ಕೆಂಪು ರಕ್ತಕಣ ಒಡಿತದ, ಕುದಿಸಿದ್ರೂ ಅಷ್ಟ, ಹುರಿದ್ರೂ ಅಷ್ಟ. ಉಳ್ಳಾಗಡ್ಡಿ ಹಾಕಿದ ತಹರಿ ಅನ್ನದ ವಾಸನಿಗೆ ಶರಣಪ್ಪನ ಬಾಯಾಗ ನೀರು ಬರಲಿ, ಆದ್ರ ತಿನ್ನಿಸಬ್ಯಾಡ್ರಿ, ನಿಮ್ಮ ಓಣಿ ನಾಯಿಗೂ.

ಬಾಲನೂ ಒಂದದ. 2007ರಾಗ ಇಟಲಿ ವಿಜ್ಞಾನಿಗಳು ಅಳದು ನೋಡಿದ್ರ ನಾಯಿ ತನ್ನ ಮಾಲಕನ್ನ ನೋಡಿದಾಗ ಬಾಲ ಜರಾ ಬಲಕ್ಕ ಹೆಚ್ಚು ಹೊಯ್ದಾಡ್ತದ, ಗುರುತಿಲ್ಲದ ಜಬರ್ದಸ್ತಿ ನಾಯಿ ನೋಡಿದಾಗ ಎಡಕ್ಕ. ಮನಸ್ಸಿನ್ಯಾಗಿಂದು ಮುಚ್ಚಿಟ್ಟ ಬದುಕಿದ ಶರಣಪ್ಪಗ ಬೆನ್ನ ಹಿಂದೇ ಒಂದು ಚಾಡಿಕೋರ ಬಂದು ಕುಂತಂಗಾತು.

ಈಗ ಕಠಿಣ ಮಾತು. ಶರಣಪ್ಪ ಪೂರಾ ನಾಯಿ ತಲಿಯಾಗ ಹಿಡಿತಾನೇನು? 2017ರಾಗ ಸುಜಾನಾ ಹರ್ಕುಲಾನೊ ಹೌಜೆಲ್ ಮತ್ತ ಸಂಗಡಿಗರು ಎಣಿಸಿದಂಗ ನಾಯಿ ಮಿದುಳಿನ ಹೊರ ಪದರದಾಗ ಸುಮಾರು 53 ಕೋಟಿ ನರಕೋಶ ಅದಾವ, ನಮ್ಮದ್ರಾಗ 1600 ಕೋಟಿ. ನೆನಪು ಅಂದ್ರ ಆ ಕೋಶಗಳ ನಡುವಿನ ಜೋಡಣಿ, ಅದನ್ನ ಎತ್ತಿ ಇನ್ನೊಂದ್ರಾಗ ಸುರಿಲಿಕ್ಕ ಬರಂಗಿಲ್ಲ. ಆದ್ರ ಇದು ನನ್ನ ಮೈ ಅನ್ನೋ ಅನಿಸಿಕಿ ನಾವು ತಿಳದಷ್ಟು ಗಟ್ಟಿ ಇಲ್ಲ. 2008ರಾಗ ಸ್ಟಾಕ್‌ಹೋಮಿನ್ಯಾಗ ವಲೇರಿಯಾ ಪೆಟ್ಕೋವಾ, ಹೆನ್ರಿಕ್ ಏರ್ಸನ್ ಇಬ್ಬರೂ ಬಟ್ಟಿ ಅಂಗಡಿ ಬೊಂಬಿ ತಲಿ ಮ್ಯಾಲ ಕ್ಯಾಮೆರಾ ಇಟ್ಟು ಅದರ ಚಿತ್ರ ಮಂದಿ ಕಣ್ಣಿಗೆ ಕಟ್ಟಿ, ಬೊಂಬಿ ಹೊಟ್ಟಿನೂ ಅವರ ಹೊಟ್ಟಿನೂ ಒಮ್ಮೆಲೇ ಸವರಿದ್ರು. ಸ್ವಲ್ಪ ಹೊತ್ತಿಗೆ ಬೊಂಬಿ ಮೈನೇ ತಮ್ಮದು ಅನಿಸ್ತು, ಬೊಂಬಿ ಹೊಟ್ಟಿಗೆ ಚಾಕು ತಂದ್ರ ಇವರಿಗೆ ಬೆವರು ಬಂತು. ಬೊಂಬಿ ಬದಲಿಗೆ ಚೌಕ ಡಬ್ಬಿ ಇಟ್ರ ಆಗಲಿಲ್ಲ. ಮಿದುಳು ಮೈ ಬದಲು ಮಾಡಲಿಕ್ಕ ಒಪ್ಪತದ, ಆದ್ರ ಅದೂ ಮೈ ಹಂಗ ಕಾಣಬೇಕು.

ಕಾಳ್ಯಾನ ಕಥಿ ನಾನು ಅಂದಕೊಂಡಿದ್ದಕ್ಕಿಂತ ದುಃಖದ್ದಾತು. ಮನಷ್ಯಾನ ಮೈಯಾಗ ಎದ್ದ ಕೂಡ್ಲೆ ಅವನಿಗೆ ಊರೇ ಅಳಿಸಿ ಹೋದಂಗ, ಗಂಜ್ ಅದ, ಮಂದಿ ಅದಾರ, ಆದ್ರ ಯಾರು ಯಾರಂತ ಹೇಳೋ ವಾಸನಿ ಇಲ್ಲ, ಮ್ಯಾಲ ಮೈ ತುಂಬ ನೀರು ಸೋರಲಿಕ್ಕತ್ತದ. ಅವನಿಗೆ ಸಿಗೋದು ಒಂದು ಕೆಂಪು. ಅದ ಜೇ ನೈಟ್ಜ್ ಇದ್ದ ತಂಡ 2009ರಾಗ ಹುಟ್ಟಿನಿಂದ ಕೆಂಪು ಹಸಿರು ಫರಕು ತಿಳಿಲಾರದ ಬೆಳದು ದೊಡ್ಡಾದ ಮಂಗಗಳ ಕಣ್ಣಿಗೆ ಕಮ್ಮಿ ಇದ್ದ ಜೀನು ಹಾಕಿತು, ಅವು ಆ ಫರಕು ಗುರುತಿಸಲಿಕ್ಕ ಹತ್ತಿದ್ವು. ಅದಕ್ಕ ನಾನು ಕಾಳ್ಯಾನ್ನ ನಮ್ಮೂರ ಬಜಾರ ಸೂಪರ್ ಮಾರ್ಕೆಟ್‌ನ್ಯಾಗ ಟೊಮ್ಯಾಟೊ ಗಾಡಿ ಮುಂದ ಅರ್ಧ ತಾಸು ನಿಲ್ಲಿಸೀನಿ.

ಮತ್ತ ಮನಷ್ಯಾನ ಮೂಗು ಅಷ್ಟು ಕೆಲಸಕ್ಕ ಬಾರದ್ದೂ ಅಲ್ಲ. ಮೊದಲ ಮಳಿಗೆ ಎರಿ ಹೊಲದಿಂದ ಏಳೋ ವಾಸನ್ಯಾಗ ಜಿಯೋಸ್ಮಿನ್ ಅಂತ ಇರ್ತದ, ಮಣ್ಣಿನ ಬ್ಯಾಕ್ಟೀರಿಯಾ ಮಾಡೋದು, ಲಕ್ಷ ಕೋಟಿಗೆ ಬೆರಳೆಣಿಕಿ ಪಾಲು ಇದ್ರೂ ನಮಗ ತಿಳಿತದ. 2007ರಾಗ ಅಮೆರಿಕದ ಬರ್ಕ್ಲಿಯಾಗ ಹುಲ್ಲಿನ ಮ್ಯಾಲ ಚಾಕಲೇಟ್ ವಾಸನಿ ದಾರ ಹಾಸಿ 32 ಮಂದಿಗೆ ಕಣ್ಣು ಕಿವಿ ಕಟ್ಟಿ, ಕೈಗೆ ಗ್ಲೌಸ್ ತೊಡಿಸಿ, ಅಂಬೆಗಾಲಿನ್ಯಾಗ ಬಿಟ್ರು, ಮೂರರಾಗ ಎರಡು ಪಾಲು ಮಂದಿ ದಾರಿ ಹಿಡದ್ರು, ಕೆಲವರಿಗೆ ರೂಢಿ ಮಾಡಿಸಿದ್ರ ಸ್ಪೀಡೂ ಹೆಚ್ಚಾತು.

ಇದನ್ನ ಓದಿ ಹೇಳಿದ್ದೇ ತಡ, ಅಕ್ಕನ ಮಗಳು ಬಿಡಲಿಲ್ಲ. ಸಂಜಿ ಮುಂದ ಏಲಕ್ಕಿ ನೀರಿನ್ಯಾಗ ನೂಲು ಅದ್ದಿ ಅಂಗಳದಾಗ ಬಾಗಲದಿಂದ ಬೇವಿನ ಗಿಡದ ತನಕ ಸೊಟ್ಟ ಸೊಟ್ಟ ಹಾಸಿದ್ವಿ, ಆಕಿ ಕಣ್ಣಿಗೆ ವೇಲ್ ಕಟ್ಟಿಕೊಂಡು ಪರಸಿಗೆ ಮೂಗು ಹಚ್ಚಿದ್ಲು. ಎಡಕ್ಕ ತಪ್ಪತಿದ್ಲು, ನಿಲ್ಲತಿದ್ಲು, ತಲಿ ಆಡಿಸಿ ಮತ್ತ ದಾರಿ ಹಿಡಿತಿದ್ಲು, ಥೇಟ್ ಓಣಿ ನಾಯಿ ಹಂಗ. ಅರ್ಧ ದಾರಿ ಹೋಗೋದ್ರಾಗ ನಮ್ಮ ಓಣಿ ಖರೇ ಕಾಳ್ಯಾ, ಕಥಿಗೆ ಹೆಸರು ಕೊಟ್ಟಾಂವ, ಗೇಟಿನೊಳಗ ಬಂದು ನಿಂತು ಆಕಿನ್ನ ನೋಡಿದ. ನೂಲು ಮೂಸಲಿಲ್ಲ. ಆಕಿ ಮಗ್ಗಲಕ್ಕ ಬಂದು ಕಿವಿ ಹಿಂದ ಎರಡು ಸಲ ಮೂಸಿ, ಆಕಿ ಹೋದಂಗ ಹೋಗಿ, ಆಕಿ ನಿಂತಲ್ಲಿ ನಿಂತು, ಬೇವಿನ ಗಿಡದ ತನಕ ಜೋಡಿ ಹೋದ.