ಮೊದಲು ಮೂಗಿಗೆ ಪರಿಚಯ ಆಗ್ಲಿ

ಹೊಸ ನಾಯಿಮರಿ ಬಂದ ದಿನ ಎಲ್ಲರೂ ಮಾಡುವ ಕೆಲಸ ಒಂದೇ. ಮನೆಯ ಬೆಕ್ಕನ್ನು ಎತ್ತಿ ತಂದು ಮರಿಯ ಮುಖದ ಮುಂದೆ ಹಿಡಿದು "ನೋಡು, ನಿನ್ನ ತಮ್ಮ ಬಂದ" ಅನ್ನುವುದು. ನಾನೂ ಮಾಡಿದ್ದೆ. ಮೊಣಕೈವರೆಗೆ ಪರಚಿದ ಗೀರು, ಬೆಕ್ಕು ಎರಡು ದಿನ ಅಟ್ಟದಿಂದ ಇಳಿಯಲಿಲ್ಲ. ಪಕ್ಕದ ಮನೆಯವರು "ಅವಕ್ಕೆ ಹುಟ್ಟು ಹಗೆ, ಹಿಂದಿನ ಜನ್ಮದ್ದು" ಎಂದು ತೀರ್ಪು ಕೊಟ್ಟರು.

ಹುಟ್ಟು ಹಗೆಯ ಮಾತು ಬಹಳ ಹಳೆಯದು. ಸದಾ ವೈರ ಇರುವ ಪ್ರಾಣಿಗಳ ಹೆಸರನ್ನು ಜೋಡಿಸಿದರೆ ಏಕವಚನ ಬರಬೇಕು ಅಂತ ಸಂಸ್ಕೃತ ವ್ಯಾಕರಣದ ಪಾಣಿನಿಯೇ ಒಂದು ಸೂತ್ರ ಬರೆದಿದ್ದಾನೆ, ಹಾವು ಮುಂಗುಸಿ ಸೇರಿ 'ಅಹಿನಕುಲಂ' ಆಗುವುದು ಹಾಗೆ. ವ್ಯಾಕರಣ ಚೆನ್ನಾಗಿದೆ. ಆದರೆ ನಾಯಿ ಬೆಕ್ಕಿನ ವಿಷಯಕ್ಕೆ ಜನ್ಮಾಂತರ ಯಾಕೆ? ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ಸಾಧು ನಾಯಿಯ ಜೊತೆ ಆಡಿ ಬೆಳೆದ ಬೆಕ್ಕಿನ ಮರಿಗೆ, ಮುಂದೆ ನಾಯಿ ಕಂಡರೆ ಭಯ ಕಡಿಮೆ.

ದೊಡ್ಡ ಬೆಕ್ಕಿನ ಕಷ್ಟ ಬೇರೆ, ಅದು ಮೂಗಿನದು. ಬಾಗಿಲು, ಸೋಫಾ, ನಿಮ್ಮ ಕಾಲಿಗೆಲ್ಲ ಬೆಕ್ಕು ಕೆನ್ನೆ ಉಜ್ಜುತ್ತದಲ್ಲ, ಅದು ಬರೀ ಮುದ್ದಲ್ಲ. ಕೆನ್ನೆಯ ಗ್ರಂಥಿಗಳ ವಾಸನೆಯನ್ನು ಅಲ್ಲಿ ಬಳಿಯುತ್ತಿದೆ, ಅಂದ್ರೆ ಮನೆಯ ಖಾತೆ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಿದೆ. ಇಂಥ ವಾಸನೆ ಓದಲು ಅದರ ಅಂಗುಳಿನ ಮೇಲೆ ಇನ್ನೊಂದು ಪುಟ್ಟ ಮೂಗೇ ಇದೆ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ 1813ರಲ್ಲಿ ವಿವರವಾಗಿ ಬರೆದಿದ್ದರಿಂದ ಅದಕ್ಕೆ ಜೇಕಬ್ಸನ್ ಅಂಗ ಅಂತ ಹೆಸರು. ಹೋರಿ ಹಸುವಿನ ಗಂಜಲ ಮೂಸಿ ಮೇಲ್ತುಟಿ ಎತ್ತಿ 'ನಗುವುದು', ಹಾವು ನಾಲಿಗೆ ಚಾಚುವುದು, ಬೆಕ್ಕು ಬಾಯಿ ಅರೆ ತೆರೆದು ಪೆಚ್ಚಾಗಿ ನಿಲ್ಲುವುದು, ಎಲ್ಲಾ ಈ ಅಂಗಕ್ಕೆ ವಾಸನೆ ತಲುಪಿಸಲಿಕ್ಕೇ. ನಾಯಿಗೂ ಇದು ಇದೆ, ಜೊತೆಗೆ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ ವಾಸನೆ ಹಿಡಿಯುವ ಕೋಶಗಳು. ನಮಗೆ 50-60 ಲಕ್ಷ ಇದ್ದರೆ ಹೆಚ್ಚು. ನಮಗೆ ಸಾರು ಘಮ್ ಅಂದರೆ ನಾಯಿಗೆ ಅದರಲ್ಲಿ ಇಂಗು, ಸಾಸಿವೆ, ಕರಿಬೇವು, ಒಗ್ಗರಣೆ ಹಾಕಿದವರ ಕೈ ಎಲ್ಲಾ ಬೇರೆ ಬೇರೆ!

ಇಂಥವರನ್ನು ಮುಖ ತೋರಿಸಿ ಪರಿಚಯ ಮಾಡಿಸಿದರೆ ಹೇಗೆ? ಮೊದಲು ನಾಯಿ ಮಲಗಿದ ಬಟ್ಟೆ ಬೆಕ್ಕಿನ ಹತ್ತಿರ, ಬೆಕ್ಕಿನ ಬಟ್ಟೆ ನಾಯಿಯ ಹತ್ತಿರ ಇಡಿ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ. ಮುಖ ನೋಡುವುದು ಕೊನೆಗೆ, ನಾಯಿಗೆ ಬೆಲ್ಟ್ ಹಾಕಿ, ಬೆಕ್ಕಿಗೆ ಹತ್ತಲು ಎತ್ತರದ ಜಾಗ ಬಿಟ್ಟು. ಮುಧೋಳ ನಾಯಿಯಾದರೆ ಇನ್ನೂ ಹುಷಾರು. ಅದು ಕಣ್ಣಿನಿಂದ ಬೇಟೆಯಾಡುವ ತಳಿ, ಬೆಕ್ಕು ಓಡಿತೋ, ಅದಕ್ಕೆ ಅದು ಮೊಲ.

ನಮ್ಮಲ್ಲಿ ಎಲ್ಲಾ ಮೊದಲಿನಿಂದ ಶುರು ಮಾಡಿ ಮೂರು ವಾರ ಹಿಡಿಯಿತು. ಒಂದು ಸಂಜೆ ಬೆಕ್ಕು ತಾನೇ ಇಳಿದು ಬಂದು, ನಿದ್ದೆ ಹೋಗಿದ್ದ ಮರಿಯ ಕಿವಿಗೆ ಕೆನ್ನೆ ಉಜ್ಜಿ ಹೋಯಿತು. ತಟ್ಟೆಗಳು ಮಾತ್ರ ಇವತ್ತಿಗೂ ಬೇರೆ ಬೇರೆ ರೂಮಿನಲ್ಲಿ.