ಸರ್ವೈವಲ್ ಗೇಮ್: ಕೊಲ್ಲೋದು ಶತ್ರು ಅಲ್ಲ, ಹೊಟ್ಟೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮೊಬೈಲ್ ಅಂಗಡಿಯ ಗಾಜಿಗೆ ಪೋಸ್ಟರ್ ಅಂಟಿಸಿದ್ದಾರೆ: ‘ಸರ್ವೈವಲ್ ಗೇಮ್ ಟೂರ್ನಮೆಂಟ್’. ಯಾವ ಆಟ ಅಂತ ನೋಡಿದರೆ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಇದೇನೂ ಹೊಸದಲ್ಲ. ಗನ್ ಹಿಡಿದು ಓಡುವ ಆಟ ಯಾವುದೇ ಇರಲಿ, ನಮ್ಮ ಹುಡುಗರು ಅದನ್ನು ಸರ್ವೈವಲ್ (ಬದುಕುಳಿಯುವ ಆಟ) ಅಂದುಬಿಡುತ್ತಾರೆ. ಅಲ್ಲ ಮಾರಾಯ್ರೆ, ಅದು ಬ್ಯಾಟಲ್ ರಾಯಲ್. ಒಂದಷ್ಟು ಜನ ಇಳಿಯುತ್ತಾರೆ, ಹೊಡೆದಾಡುತ್ತಾರೆ, ಕೊನೆಗೆ ಉಳಿದವರು ಗೆದ್ದರು. ಅಲ್ಲಿ ನಿಮ್ಮನ್ನು ಕೊಲ್ಲುವುದು ಎದುರಾಳಿ, ಇಲ್ಲವೇ ಝೋನ್, ಅಂದರೆ ಕುಗ್ಗುತ್ತಾ ಬರುವ ಸುರಕ್ಷಿತ ವಲಯದ ಹೊರಗೆ ಸಿಕ್ಕಿಬೀಳುವುದು. ಸರ್ವೈವಲ್ ಆಟದಲ್ಲಿ ಸುತ್ತಮುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಸಾಯುತ್ತೀರಿ. ನಿಮ್ಮ ಹೊಟ್ಟೆಯೇ ಸಾಕು.

ಹಸಿವು, ಬಾಯಾರಿಕೆ, ನಿದ್ದೆ, ಚಳಿ ಇವುಗಳಿಗೆ ಒಂದೊಂದು ಮೀಟರ್ ಕೊಟ್ಟು, ಅದು ಖಾಲಿಯಾಗದಂತೆ ನೋಡಿಕೊಳ್ಳುವುದನ್ನೇ ಆಟ ಮಾಡಿದರೆ ಅದು ಸರ್ವೈವಲ್. ಇಷ್ಟು ಹೇಳಿದ ಕೂಡಲೇ ಇನ್ನೊಂದು ವಾದ ಬರುತ್ತದೆ. ‘ಬಿಜಿಎಂಐನಲ್ಲೂ ಎನರ್ಜಿ ಡ್ರಿಂಕ್ ಕುಡೀತೀವಲ್ಲ?’ ಕುಡಿಯುತ್ತೀರಿ, ಸರಿ. ಅದು ತುಂಬಿಸುವ ಬಾರ್ (ಪರದೆಯ ಮೇಲಿನ ಅಳತೆಪಟ್ಟಿ) ಖಾಲಿಯಾದರೆ ಏನಾಗುತ್ತದೆ? ಏನೂ ಇಲ್ಲ. ತುಂಬಿದ್ದಾಗ ಗಾಯ ನಿಧಾನಕ್ಕೆ ಮಾಯುತ್ತದೆ, ಓಟ ಸ್ವಲ್ಪ ಜಾಸ್ತಿಯಾಗುತ್ತದೆ. ಖಾಲಿಯಾದರೆ ಮೊದಲು ಹೇಗಿದ್ದಿರೋ ಹಾಗೆ. ಅದು ಬೋನಸ್, ಹಸಿವಲ್ಲ.

ಸ್ಟ್ಯಾಮಿನಾ ಬಾರನ್ನು ಹಸಿವಿನ ಬಾರ್ ಅನ್ನುವವರು ಇನ್ನೂ ಜಾಸ್ತಿ. ನನಗೆ ತಲೆ ಕೆಡುವುದು ಇಲ್ಲೇ. ಓಡಿದಾಗ ಸ್ಟ್ಯಾಮಿನಾ ಇಳಿಯುತ್ತದೆ, ನಿಂತರೆ ತಾನಾಗಿಯೇ ತುಂಬುತ್ತದೆ. ಹಸಿವು ಹಾಗೆ ತುಂಬುವುದಿಲ್ಲ. ಎಷ್ಟು ಹೊತ್ತು ಕೈಕಟ್ಟಿ ನಿಂತರೂ ಹೊಟ್ಟೆಗೆ ಏನಾದರೂ ಹುಡುಕಿಕೊಂಡು ಹೋಗಲೇಬೇಕು. ಕಂಟ್ರೋಲರ್ ಕೆಳಗಿಟ್ಟು ಕಾಫಿ ಕುಡಿದು ಬನ್ನಿ. ಬಾರ್ ತುಂಬಿದ್ದರೆ ಸ್ಟ್ಯಾಮಿನಾ, ಇಳಿದಿದ್ದರೆ ಹಸಿವು.

ಈ ಪರೀಕ್ಷೆಯಲ್ಲಿ ಡೋಂಟ್ ಸ್ಟಾರ್ವ್ ಚೆನ್ನಾಗಿ ಪಾಸಾಗುತ್ತದೆ. 2013ರ ಆಟ ಅದು. ಅದರ ನಾಯಕ ವಿಲ್ಸನ್‌ನ ಹೊಟ್ಟೆ ತುಂಬಿದಾಗ 150. ದಿನಕ್ಕೆ 75 ಇಳಿಯುತ್ತದೆ. ಆಟದ ಒಂದು ದಿನ ಅಂದರೆ ನಮ್ಮ ಎಂಟು ನಿಮಿಷ. ಅಂದರೆ ಸುಮ್ನೆ ನಿಂತರೂ ಹದಿನಾರು ನಿಮಿಷಕ್ಕೆ ಹೊಟ್ಟೆ ಸೊನ್ನೆ, ಆಮೇಲೆ ಜೀವ ಇಳಿಯತೊಡಗುತ್ತದೆ. (ರಾತ್ರಿ ಬೆಂಕಿ ಹಾಕಿಕೊಳ್ಳದಿದ್ದರೆ ಅದಕ್ಕೂ ಮೊದಲೇ ಕತ್ತಲು ಕೊಲ್ಲುತ್ತದೆ, ಅದು ಬೇರೆ ಮಾತು.)

ಮೈನ್‌ಕ್ರಾಫ್ಟ್? ಅರ್ಧ ಪಾಸು. ಅದರ ಹಸಿವಿನ ಬಾರ್ ಮೊದಲಿಂದ ಇದ್ದದ್ದಲ್ಲ, 2011ರ ಸೆಪ್ಟೆಂಬರ್‌ನಲ್ಲಿ ಬೀಟಾ 1.8 ಆವೃತ್ತಿಯ ಜೊತೆ ಬಂತು. ಅಲ್ಲಿಯವರೆಗೆ ತಿಂದರೆ ನೇರವಾಗಿ ಹಾರ್ಟ್ (ಜೀವದ ಅಳತೆ) ತುಂಬುತ್ತಿತ್ತು, ಅಂದರೆ ಊಟ ಬರೀ ಔಷಧಿಯಾಗಿತ್ತು. ಈಗ ಕೋಳಿ ಕಾಲಿನ ಹತ್ತು ಚಿತ್ರಗಳಿವೆ, ಒಂದಕ್ಕೆ ಎರಡರಂತೆ 20 ಅಂಕ. 18 ಅಥವಾ ಹೆಚ್ಚು ಇದ್ದರೆ ಗಾಯ ಮಾಯುತ್ತದೆ. 6ಕ್ಕೆ ಇಳಿದರೆ ಓಡಲಿಕ್ಕಾಗುವುದಿಲ್ಲ. ಆದರೆ ಗಾಯ ಏನೂ ಇಲ್ಲದೆ ಸುಮ್ನೆ ನಿಂತಿದ್ದರೆ ಅದು ಇಳಿಯುವುದೇ ಇಲ್ಲ! ಓಟ, ಜಿಗಿತ, ಅಗೆತ, ಹೊಡೆದಾಟದಂಥ ಶ್ರಮ ಇದ್ದರೆ ಮಾತ್ರ ಇಳಿಯುತ್ತದೆ. ಸಾಲದ್ದಕ್ಕೆ, ಅತಿ ಕಷ್ಟದ ಮಟ್ಟವಾದ ಹಾರ್ಡ್‌ನಲ್ಲಿ ಆಡಿದರೆ ಮಾತ್ರ ಹಸಿವಿನಿಂದಲೇ ಸಾಯುತ್ತೀರಿ. ನಾರ್ಮಲ್‌ನಲ್ಲಿ ಅರ್ಧ ಹಾರ್ಟ್ ಬಿಟ್ಟು ನಿಲ್ಲುತ್ತದೆ. ಸರ್ವೈವಲ್ ಅಂದ ಕೂಡಲೇ ಎಲ್ಲರೂ ಹೆಸರಿಸುವ ಆಟದ ಹಸಿವು ಇಷ್ಟು ಸಾಧು. 2021ರ ವಾಲ್‌ಹೈಮ್ ಇನ್ನೂ ಸಾಧು. ಅಲ್ಲಿ ಉಪವಾಸವಿದ್ದರೂ ಸಾಯುವುದಿಲ್ಲ, ತಿಂದರೆ ಶಕ್ತಿ ಹೆಚ್ಚುತ್ತದೆ, ಅಷ್ಟೇ. ಆಟ ಚೆನ್ನಾಗಿದೆ, ಅದರ ಊಟವನ್ನು ಹಸಿವು ಅನ್ನಲಾರೆ.

ಇಷ್ಟಕ್ಕೂ ಆಟದಲ್ಲಿ ಹಸಿವು ಯಾಕೆ ಬೇಕು? ‘ನಿಜ ಅನ್ನಿಸಲಿ ಅಂತ’ ಅನ್ನುವ ಉತ್ತರ ನನಗೆ ಒಪ್ಪಿಗೆಯಿಲ್ಲ. 1980ರ ರೋಗ್ ಆಟದಲ್ಲಿ ಚಿತ್ರವೇ ಇರಲಿಲ್ಲ, ಆಡುವವನು ಬರೀ ಒಂದು ಅಕ್ಷರಚಿಹ್ನೆ. ಅವನಿಗೂ ಹಸಿವಾಗುತ್ತಿತ್ತು. ಮೊದಲು ಹಸಿವು, ಆಮೇಲೆ ನಿಶ್ಶಕ್ತಿ, ಆಮೇಲೆ ತಲೆ ತಿರುಗಿ ಬೀಳುವುದು. ಕಾರಣ ಸರಳ. ಆ ಆಟದಲ್ಲಿ ಕೂತು ವಿಶ್ರಾಂತಿ ತೆಗೆದುಕೊಂಡರೆ ಗಾಯ ಮಾಯುತ್ತಿತ್ತು. ಹಸಿವಿಲ್ಲದಿದ್ದರೆ ಪ್ರತಿ ಜಗಳದ ನಂತರ ಮೂಲೆಯಲ್ಲಿ ಕೂತು ಪೂರ್ತಿ ಚೇತರಿಸಿಕೊಂಡೇ ಏಳಬಹುದಿತ್ತು. ಹಸಿವು ಅವನನ್ನು ಎಬ್ಬಿಸಿ ನೆಲಮಾಳಿಗೆಯ ಇನ್ನೂ ಕೆಳಗಿನ ಮಹಡಿಗೆ ನೂಕುತ್ತಿತ್ತು. 1987ರ ನೆಟ್‌ಹ್ಯಾಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಟ್ಟೆ ತುಂಬಿದ ಮೇಲೂ ತಿಂತಾ ಹೋದರೆ ಗಂಟಲಲ್ಲಿ ಸಿಕ್ಕಿ ಸಾಯುತ್ತೀರಿ.

ಬರೀ ಮೀಟರ್ ಇಟ್ಟರೆ ಅದು ಕಿರಿಕಿರಿ, ನಿಜ. ಊಟ ಕೆಡುವಂತೆ ಮಾಡಿದಾಗ ಆಟ ರುಚಿಯಾಗುತ್ತದೆ. ಡೋಂಟ್ ಸ್ಟಾರ್ವ್‌ನಲ್ಲಿ ಚೀಲದೊಳಗಿನ ತಿಂಡಿಯ ಹಿಂದಿನ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿ ಕೊನೆಗೆ ಕೊಳೆತೇ ಹೋಗುತ್ತದೆ. ಚಳಿಗಾಲದಲ್ಲಿ ಬೆರಿ ಪೊದೆ ಬೆಳೆಯುವುದಿಲ್ಲ. ಹಾಗಾಗಿ ಮಾಂಸ ಒಣಗಿಸಿಡಬೇಕು, ಸೌದೆ ಕೂಡಿಡಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯುವ ಮುಂಚೆ ಹಪ್ಪಳ ಒಣಗಿಸಿ, ಮಾವಿನ ಮಿಡಿ ಉಪ್ಪಲ್ಲಿ ಹಾಕಿ, ಸೌದೆಯನ್ನು ಕೊಟ್ಟಿಗೆಗೆ ಸೇರಿಸುವ ಗಡಿಬಿಡಿ ನೋಡಿದವರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಯಾರೂ ಹಸಿವಾದ ಮೇಲೆ ಹಪ್ಪಳ ಒಣಗಿಸುವುದಿಲ್ಲ, ಅಲ್ವಾ?

ಇನ್ನು ನಿದ್ದೆ. ಇಲ್ಲೂ ಅದೇ ಗೊಂದಲ. ಮೈನ್‌ಕ್ರಾಫ್ಟ್‌ನಲ್ಲಿ ಹಾಸಿಗೆ ಮೇಲೆ ಮಲಗಿದರೆ ರಾತ್ರಿ ಕಳೆಯುತ್ತದೆ, ಅಷ್ಟೇ. ಅಲ್ಲಿ ನಿದ್ದೆಗೆ ಮೀಟರ್ ಇಲ್ಲ. 2018ರಿಂದ, ಮೂರು ದಿನ ಮಲಗದಿದ್ದರೆ ಪಿಶಾಚಿಯಂಥ ಫ್ಯಾಂಟಮ್‌ಗಳು ಹಾರಿ ಬಂದು ಎರಗುತ್ತವೆ. ಆದರೆ ನಿಮ್ಮ ಪಾತ್ರಕ್ಕೆ ಸುಸ್ತು, ತೂಕಡಿಕೆ ಏನೂ ಆಗುವುದಿಲ್ಲ. ಅದನ್ನು ದಂಡ ಅನ್ನಿ, ನಿದ್ದೆಗೇಡು ಅನ್ನಬೇಡಿ. 2000ದ ದಿ ಸಿಮ್ಸ್ ಇದಕ್ಕಿಂತ ಪ್ರಾಮಾಣಿಕ. ಶಕ್ತಿ ಪೂರ್ತಿ ಮುಗಿದರೆ ಪಾತ್ರ ನಿಂತಲ್ಲೇ ನೆಲಕ್ಕೆ ಬಿದ್ದು ನಿದ್ದೆ ಹೋಗುತ್ತದೆ. ಆದರೂ ಅದನ್ನು ಯಾರೂ ಸರ್ವೈವಲ್ ಅನ್ನುವುದಿಲ್ಲ, ಫ್ರಿಜ್ ಕೊಂಡರೆ ಊಟದ ಚಿಂತೆ ಮುಗಿಯಿತಲ್ಲ.

ನಿದ್ದೆಯನ್ನು ಸರಿಯಾಗಿ ಆಟ ಮಾಡಿದ್ದು ದಿ ಲಾಂಗ್ ಡಾರ್ಕ್. ಹಿಮದಲ್ಲಿ ಒಬ್ಬನೇ, ನಾಲ್ಕು ಮೀಟರ್: ಚಳಿ, ದಣಿವು, ಬಾಯಾರಿಕೆ, ಹಸಿವು. ಎಷ್ಟು ಗಂಟೆ ಮಲಗಬೇಕು ಅಂತ ನೀವೇ ಆರಿಸಬೇಕು. ಮಲಗಿದರೆ ದಣಿವು ಕಳೆಯುತ್ತದೆ, ಅಷ್ಟು ಹೊತ್ತೂ ಹಸಿವು ಬಾಯಾರಿಕೆ ಏರುತ್ತಲೇ ಇರುತ್ತವೆ. ಪಕ್ಕದ ಬೆಂಕಿ ನಡುವೆ ಆರಿದರೆ ಚಳಿ ಹಿಡಿಯುತ್ತದೆ. ಮಲಗದೇ ನಡೆದರೆ ಹೊರುವ ಶಕ್ತಿ ಕುಗ್ಗುತ್ತದೆ, ಚೀಲದಿಂದ ಏನನ್ನಾದರೂ ಬಿಟ್ಟು ಹೋಗಬೇಕು. ಸೌದೆ ಬಿಡುವುದೋ, ಊಟ ಬಿಡುವುದೋ?