ಒಂದೇ ಪಕ್ಷ, ಎರಡು ಮನಸ್ಸು: ಬಳ್ಳಾರಿಯ ಬರ ತೋರಿಸಿದ ಜಗಳ

ಧಾತು-ಈಶ್ವರ ಸಂವತ್ಸರದ ಬರ ಬಳ್ಳಾರಿ ಸೀಮೆಯನ್ನು ಎಷ್ಟು ಹಿಂಡಿತು ಅಂತ ಇಲ್ಲಿ ಬಿಡಿಸಿ ಹೇಳಬೇಕಿಲ್ಲ. 1876ರಿಂದ 1878ರವರೆಗೆ ಮದ್ರಾಸ್ ಪ್ರಾಂತದಲ್ಲಿ ತೀರಾ ಜಾಸ್ತಿ ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇಲ್ಲಿ ನಾನು ಹೇಳಹೊರಟಿದ್ದು ಬೇರೆ ಸಂಗತಿ. ಆ ಬರದಲ್ಲಿ ಜನರಿಗೆ ಕಾಳು ಕೊಡಬೇಕಾ ಬೇಡವಾ ಅಂತ ಕಿತ್ತಾಡಿದ ಇಬ್ಬರು ದೊಡ್ಡವರೂ ಇಂಗ್ಲೆಂಡಿನ ಒಂದೇ ಕನ್ಸರ್ವೇಟಿವ್ (ಸಂಪ್ರದಾಯವಾದಿ) ಸರ್ಕಾರ ಕಳಿಸಿದವರು.

ಒಬ್ಬ ಮದ್ರಾಸಿನ ಗವರ್ನರ್, ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್. ಹಳೇ ಕಾಲದ ಜಮೀನ್ದಾರಿ ಮನೆತನದವನು. 1876ರ ಕೊನೆಗೆ ಅವನ ಸರ್ಕಾರ ಸದ್ದಿಲ್ಲದೆ ಧಾನ್ಯ ಖರೀದಿಸಿತು. ಇನ್ನೊಬ್ಬ ವೈಸರಾಯ್ ಲಿಟ್ಟನ್. ಸರ್ಕಾರ ಪೇಟೆಗೆ ಇಳಿದರೆ ವ್ಯಾಪಾರಿಗಳು ಹಿಂದೆ ಸರಿಯುತ್ತಾರೆ, ಬೆಲೆಯ ತಂಟೆಗೆ ಹೋಗಲೇಬಾರದು ಅಂತ ಅವನ ಹಟ. ಖರೀದಿ ನಿಲ್ಲಿಸಿದ, ಮೇಲ್ವಿಚಾರಣೆಗೆ ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಈ ಟೆಂಪಲ್ 1874ರಲ್ಲಿ ಬಿಹಾರದ ಬರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವನೇ. ಆದರೆ ಬಿಟ್ಟಿ ಖರ್ಚು ಮಾಡಿದ ಅಂತ ಬೈಸಿಕೊಂಡಿದ್ದ. ಹಾಗಾಗಿ ಈ ಸಲ ಬಂದದ್ದು ದುಡ್ಡು ಉಳಿಸೋಕೆ. ದಿನವಿಡೀ ಮಣ್ಣು ಹೊತ್ತ ಆಳಿಗೆ ಒಂದು ಪೌಂಡ್ ಕಾಳು, ಅಂದರೆ ಸುಮಾರು 450 ಗ್ರಾಂ, ಮೇಲೊಂದಿಷ್ಟು ಚಿಲ್ಲರೆ. ಇಷ್ಟರಲ್ಲಿ ದುಡಿಯುವವನು ಬದುಕುವುದಿಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಪಟ್ಟು ಹಿಡಿದು ಬರೆದ. ಕೆಲವು ತಿಂಗಳಾದ ಮೇಲೆ ಕೂಲಿ ಏರಿತು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು.

ಇವರನ್ನು ಕಳಿಸಿದ ಪ್ರಧಾನಿ ಯಾರು? ಬೆಂಜಮಿನ್ ಡಿಸ್ರೇಲಿ. ಇಂಗ್ಲೆಂಡಿನಲ್ಲಿ ಬಡವರದೇ ಒಂದು ದೇಶ, ಉಳ್ಳವರದೇ ಒಂದು ದೇಶ ಆಗಿಬಿಟ್ಟಿದೆ ಅಂತ 1845ರಲ್ಲಿ ಕಾದಂಬರಿ ಬರೆದವನು. 1875ರಲ್ಲಿ ತನ್ನ ದೇಶದ ಕೂಲಿಗಳಿಗಾಗಿ ಸಾರ್ವಜನಿಕ ಆರೋಗ್ಯದ ಕಾಯ್ದೆ, ಕೊಳಕು ವಠಾರ ಕೆಡವಿ ಮನೆ ಕಟ್ಟುವ ಕಾಯ್ದೆ ತಂದವನು. ಅಲ್ಲಿ ಅಪ್ಪನಂತೆ ನಿಂತ ಸರ್ಕಾರ ಮರುವರ್ಷ ಇಲ್ಲಿ ತಕ್ಕಡಿ ಹಿಡಿದು ಕೂತಿತು. ಇದನ್ನು ಬರೀ ಬಿಳಿಯರ ಕಪಟ ಅಂದು ಮುಗಿಸಬಹುದು. ಅದು ಅರ್ಧ ನಿಜ ಅಷ್ಟೇ. ಸಂಪ್ರದಾಯವಾದಿ ಚಿಂತನೆಯ ಹೊಟ್ಟೆಯೊಳಗೇ ಈ ಬಿರುಕು ಮೊದಲಿನಿಂದ ಇತ್ತು.

ಈ ಚಿಂತನೆಯ ಮೂಲಪುರುಷ ಅನ್ನಿಸಿಕೊಂಡ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್‌ನನ್ನೇ ನೋಡಿ. ಫ್ರಾನ್ಸಿನ ಕ್ರಾಂತಿಯ ಬಗ್ಗೆ 1790ರಲ್ಲಿ ಬರೆಯುತ್ತಾ, ಸಮಾಜ ಅಂದರೆ ಬದುಕಿರುವವರು, ಸತ್ತವರು, ಮುಂದೆ ಹುಟ್ಟುವವರು ಎಲ್ಲರ ಪಾಲುದಾರಿಕೆ ಅಂದ. ಬೇಕೆಂದಾಗ ಬಿಚ್ಚಿ, ಹೊಸ ನಕ್ಷೆ ಹಿಡಿದು ಜೋಡಿಸುವಂಥದ್ದಲ್ಲ, ತಾನಾಗಿ ಬೆಳೆದದ್ದು, ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆ ರಕ್ತ ಬರುತ್ತದೆ ಅನ್ನುವ ಧಾಟಿ. ಸಮಾಜ ಒಂದು ದೇಹ ಅನ್ನುವವರೆಲ್ಲ ಅವನ ಕಡೆ ಬೆರಳು ತೋರಿಸುತ್ತಾರೆ. ಹಾಗಾದರೆ ದೇಹದ ಒಂದು ಭಾಗ ಹಸಿದಾಗ ಸರ್ಕಾರ ಊಟ ಹಾಕಬೇಕು ಅಲ್ವಾ? ಇಲ್ಲ ಅಂದ ಬರ್ಕ್. 1795ರ ಧಾನ್ಯದ ಅಭಾವದ ಹೊತ್ತಿನಲ್ಲಿ, ಜನರ ಹೊಟ್ಟೆ ತುಂಬಿಸುವುದು ಸರ್ಕಾರದ ಕೈಲಾಗುವ ಕೆಲಸವಲ್ಲ, ಅದು ಪೇಟೆಗೆ ಮತ್ತು ಉಳ್ಳವರ ದಾನಕ್ಕೆ ಬಿಟ್ಟದ್ದು ಅಂತ ಬರೆದ. ಲಿಟ್ಟನ್ ಆಡಿದ ಮಾತಿಗೂ ಇದಕ್ಕೂ ಬಹಳ ದೂರವಿಲ್ಲ. ನನಗೆ ಇಡೀ ಕಥೆಯ ಗಂಟು ಕಾಣುವುದು ಇಲ್ಲೇ. ಸಮಾಜ ದೇಹದಂತೆ ಅನ್ನುವುದು ಒಂದು ನಂಬಿಕೆ, ಮೇಲಿನವರು ಕೆಳಗಿನವರನ್ನು ಅಪ್ಪನಂತೆ ನೋಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಎರಡೂ ಸೇರಿ ಬರಲೇಬೇಕೆಂದಿಲ್ಲ.

ಎರಡನ್ನೂ ಸೇರಿಸಿಕೊಂಡ ಒಬ್ಬ ಮನುಷ್ಯ ನಮ್ಮ ಕಡೆಯೇ ಓಡಾಡಿದ್ದ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಕಡಪಾ ಸೀಮೆಗೆ ಕಂಪನಿ ಥಾಮಸ್ ಮನ್ರೋನನ್ನು ಕಲೆಕ್ಟರ್ ಮಾಡಿತು. ರಾಯಚೂರಿನ ಆಚೆ ಮಂತ್ರಾಲಯದಲ್ಲಿ ರಾಯರು ಅವನಿಗೆ ದರ್ಶನ ಕೊಟ್ಟರು ಅನ್ನುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅವನು ಪಾಳೆಗಾರರನ್ನು ಮುರಿದ, ನೇರ ರೈತನ ಜೊತೆ ಕಂದಾಯ ಗೊತ್ತುಮಾಡುವ ರೈತವಾರಿ ತಂದ. ಹೋಗುವ ಮುಂಚೆ, 1807ರಲ್ಲಿ, ಕಂದಾಯವನ್ನು ಕಾಲುಭಾಗ ಇಳಿಸಿ ಅಂದ. ಮೇಲಿನವರು ಒಪ್ಪಲಿಲ್ಲ, ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟರು. 1806ರ ವರದಿಯಲ್ಲಿ ಅವನು ಬರೆದ ಚಿತ್ರ ಕುತೂಹಲದ್ದು: ಗೌಡ ಮುಂದೆ, ಹನ್ನೆರಡು ಆಯಗಾರರು ಜೊತೆಗೆ, ಪ್ರತಿ ಹಳ್ಳಿಯೂ ಒಂದು ಪುಟ್ಟ ಗಣರಾಜ್ಯ. ಕಮ್ಮಾರ, ಬಡಿಗ, ಅಗಸ, ತಳವಾರ ಎಲ್ಲರಿಗೂ ಸುಗ್ಗಿಯಲ್ಲಿ ಕಣದಿಂದ ಆಯ. ದೊರೆಗಳು ಬದಲಾದರೂ ಹಳ್ಳಿಗೆ ಬಿಸಿ ತಟ್ಟದು. ಬರ್ಕ್ ಓದಿದ್ದರೆ ತಲೆದೂಗುತ್ತಿದ್ದ. ಆದರೆ ಈ ಚಿತ್ರ ಕುದುರೆ ಮೇಲೆ ಕೂತವನ ಕಣ್ಣಿನದು, ಅದನ್ನು ಮರೆಯಬಾರದು.

ಯೂರೋಪಿನಲ್ಲಿ ಅಪ್ಪನ ಪಾತ್ರಕ್ಕೆ ಜೋರು ಬಂದದ್ದು ಕಾರ್ಖಾನೆಗಳ ಕಾಲಕ್ಕೆ. ಹೆಂಗಸರು, ಸಣ್ಣ ಹುಡುಗರು ಗಣಿಯ ಒಳಗೆ ಇಳಿಯಬಾರದು ಅಂತ 1842ರಲ್ಲಿ, ಗಿರಣಿಯಲ್ಲಿ ಹೆಂಗಸರ, ಎಳೆಯರ ದುಡಿಮೆ ದಿನಕ್ಕೆ ಹತ್ತು ಗಂಟೆ ದಾಟಬಾರದು ಅಂತ 1847ರಲ್ಲಿ ಕಾಯ್ದೆ ಬಂದಾಗ, ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವನು ಶಾಫ್ಟ್ಸ್‌ಬರಿ ಅನ್ನುವ ಟೋರಿ, ಅಂದರೆ ಕನ್ಸರ್ವೇಟಿವ್ ಪಕ್ಷದ, ಶ್ರೀಮಂತ. ಅಡ್ಡ ನಿಂತವರಲ್ಲಿ ಸ್ವಾತಂತ್ರ್ಯದ ಮಾತಾಡುವ ಗಿರಣಿ ಧಣಿಗಳೇ ಮುಂದೆ. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ ತಂದ. ಅದಕ್ಕೂ ಮುಂಚೆ, 1878ರಲ್ಲೇ, ಸಮಾಜವಾದಿಗಳ ಮೇಲೆ ನಿಷೇಧ ಹಾಕಿದ್ದ. ಅಪ್ಪನಿಗೆ ಪ್ರೀತಿಗಿಂತ ಮಗ ತಿರುಗಿಬಿದ್ದಾನು ಅನ್ನುವ ಭಯವೇ ಜಾಸ್ತಿ ಇತ್ತು ಅಂತ ನನ್ನ ಅನಿಸಿಕೆ.

ಎರಡನೇ ಮಹಾಯುದ್ಧದ ನಂತರವೂ ಬ್ರಿಟನ್ನಿನಲ್ಲಿ ಈ ಧಾಟಿ ನಡೆಯಿತು. ಕನ್ಸರ್ವೇಟಿವ್ ಪಕ್ಷದ ಹೆರಾಲ್ಡ್ ಮ್ಯಾಕ್‌ಮಿಲನ್ ವಸತಿ ಮಂತ್ರಿಯಾಗಿ ವರ್ಷಕ್ಕೆ ಮೂರು ಲಕ್ಷ ಮನೆ ಕಟ್ಟಿಸಿದ. ತಿರುವು ಬಂದದ್ದು ಅದೇ ಪಕ್ಷದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಜೊತೆ. 1980ರಲ್ಲಿ ಸರ್ಕಾರಿ ಮನೆಗಳನ್ನು ಕೊಳ್ಳುವ ಹಕ್ಕನ್ನು ಅಲ್ಲಿನ ಬಾಡಿಗೆದಾರರಿಗೇ ಕೊಟ್ಟರು. ಸಮಾಜ ಅಂತ ಒಂದಿಲ್ಲ, ಇರುವುದು ಗಂಡಸರು, ಹೆಂಗಸರು, ಕುಟುಂಬಗಳು ಅಂತ 1987ರಲ್ಲಿ ಅವರು ಆಡಿದ ಮಾತನ್ನು ಎಲ್ಲರೂ ಅರ್ಧಕ್ಕೇ ನಿಲ್ಲಿಸುತ್ತಾರೆ. ನೆರೆಯವರನ್ನು ನೋಡಿಕೊಳ್ಳುವುದು ನಮ್ಮ ನಮ್ಮ ಕರ್ತವ್ಯ ಅಂತಲೂ ಅಲ್ಲೇ ಹೇಳಿದ್ದರು. ಅಪ್ಪ ಬೇಡ ಅಂದರು, ಮನೆ ಬೇಡ ಅನ್ನಲಿಲ್ಲ.

ನಮ್ಮ ದೇಶದಲ್ಲೂ ಎರಡು ಕವಲು. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು ಪ್ರತಿಯೊಂದಕ್ಕೂ ಸರ್ಕಾರದ ಅನುಮತಿ ಬೇಕೆನ್ನುವ ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧ. ಜನಸಂಘದ ದೀನದಯಾಳ್ ಉಪಾಧ್ಯಾಯ 1965ರಲ್ಲಿ ಮುಂಬೈಯಲ್ಲಿ ಏಕಾತ್ಮ ಮಾನವತೆಯ ಉಪನ್ಯಾಸ ಕೊಟ್ಟಾಗ ಹಿಡಿದದ್ದು ದೇಹದ ದಾರಿ: ಸಮಾಜ ಜನ ಕೂಡಿ ಮಾಡಿಕೊಂಡ ಕರಾರಲ್ಲ, ತಾನೇ ಹುಟ್ಟಿದ್ದು, ಅದಕ್ಕೊಂದು ಆತ್ಮವಿದೆ, ಅಂಗಾಂಗಗಳ ನಡುವೆ ಜಗಳ ಸಹಜವಲ್ಲ.

ಅಂಗಾಂಗ ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಕಾಲು ಯಾರು? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕೈ ಹಾಕಿದ್ದು ಇದಕ್ಕೇ. ಮನ್ರೋ ಮಾದರಿಯ ಪುಟ್ಟ ಗಣರಾಜ್ಯದ ವರ್ಣನೆಯನ್ನೇ ಎತ್ತಿಕೊಂಡು, ಈ ಹಳ್ಳಿ ಅಜ್ಞಾನದ, ಸಂಕುಚಿತತೆಯ ಗವಿ ಅಂದರು. ಕೊಪ್ಪಳ ಜಿಲ್ಲೆಯವರಿಗೆ ಅದು ಹಳೇ ಮಾತು ಅನ್ನಿಸಲಾರದು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿ, ಹೋಟೆಲಿಗೆ ಅವರನ್ನು ಬಿಡದ ಸಿಟ್ಟು ಆ ಗಲಾಟೆಯ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಪ್ರಕರಣ ಆಮೇಲೆ ಹೈಕೋರ್ಟಿಗೂ ಹೋಯಿತು. ಆಯಗಾರರ ಹಳ್ಳಿಯ ಸೊಗಸನ್ನು ಹೊಗಳುವವರು ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಅದೇ ಜಿಲ್ಲೆಯಲ್ಲಿ ಗವಿಮಠದ ಜಾತ್ರೆಯೂ ಇದೆ. ಸರ್ಕಾರದ ಆದೇಶವಿಲ್ಲದೆ ಊರೂರಿನಿಂದ ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ರೊಟ್ಟಿ, ಕಾಳು ಬರುತ್ತದೆ, ದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. 2010ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರೂನ್ 'ಬಿಗ್ ಸೊಸೈಟಿ' ಅಂತ ಕನಸು ಕಂಡದ್ದು ಇಂಥದ್ದನ್ನೇ. ಆದರೆ ಜಾತ್ರೆ ಮುಗಿದ ಮೇಲೂ ವರ್ಷ ಉಳಿದಿರುತ್ತದೆ, ಬರ ತಿಥಿ ನೋಡಿ ಬರುವುದಿಲ್ಲ.

ಈಗಿನ ಜಗಳ ಅಕ್ಕಿಯದ್ದು. ಬಡವನಿಗೆ ನೆರವು ಕೊಡುವುದಾದರೆ ದುಡ್ಡೇ ಕೊಡಿ, ಏನು ಕೊಳ್ಳಬೇಕೆಂದು ಅವನಿಗೆ ಗೊತ್ತು ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ವಾದಿಸಿದ್ದ. ಅಪ್ಪನ ಪಾತ್ರದವರಿಗೆ ಈ ಮಾತು ಹಿಡಿಸದು, ದುಡ್ಡು ಸಾರಾಯಿಗೆ ಹೋಗುತ್ತದೆ ಅನ್ನುವುದು ಅವರ ಹಳೇ ಅನುಮಾನ. ಕರ್ನಾಟಕ 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗದೆ ಕಿಲೋಗೆ 34 ರೂಪಾಯಿಯಂತೆ ಖಾತೆಗೆ ಹಾಕಿತು, 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ಎರಡರಲ್ಲಿ ಯಾವುದು ಬೇಕು ಅಂತ ರೇಷನ್ ಕಾರ್ಡಿನವರನ್ನು ಕೇಳಿ ನೋಡಿ. ಸಿಂಧನೂರಿನ ಭತ್ತದ ಗದ್ದೆಯ ಕೂಲಿಯವರು ಒಂದು ಹೇಳಿಯಾರು, ಕುಷ್ಟಗಿಯಿಂದ ಗುಳೆ ಹೋಗುವವರು ಇನ್ನೊಂದು ಹೇಳಿಯಾರು.